ಸಂಜೆ ಐದರೊಳಗೆ ಮಿಷನ್ ಚಾಲೂ

ಹೌಸಿಂಗ್ ಸೊಸೈಟಿಯ ಹುಲ್ಲು ಕತ್ತರಿಸುವ ಮಿಷನ್ನು ಆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಶುರುವಾಗಲಿಲ್ಲ. ಎಂಟೂಕಾಲಿಗೂ ಆಗಲಿಲ್ಲ. ಎಂಟೂವರೆಗೆ ವಿಷ್ಣುಮೂರ್ತಿಯವರು ಅದರ ಹಗ್ಗವನ್ನು ಮೂವತ್ತೊಂದನೆಯ ಸಲ ಎಳೆದು, ಬಲ ಭುಜ ಹಿಡಿದುಕೊಂಡು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತರು. ಅದು ಒಂದು ಸಲ ಕೆಮ್ಮಿದ್ದರೂ ಅವರಿಗೆ ಸಮಾಧಾನವಾಗುತ್ತಿತ್ತು. ಉದ್ದ ಕೋಲಿನ ಒಂದು ತುದಿಗೆ ಪುಟ್ಟ ಪೆಟ್ರೋಲ್ ಇಂಜಿನ್ನು, ಇನ್ನೊಂದು ತುದಿಗೆ ಬ್ಲೇಡು ಕಟ್ಟಿಕೊಂಡಿದ್ದ ಆ ಮಿಷನ್ನು ಮದುವೆ ಮನೆಯಲ್ಲಿ ಮುನಿಸಿಕೊಂಡ ಮಾವನ ಹಾಗೆ ನೆಲದ ಮೇಲೆ ಉದ್ದಕ್ಕೆ ಮಲಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಬಿಟ್ಟು ಒಳಗೆ ಹೋಗಿ ಪೇಪರು ಓದುತ್ತಿದ್ದರು. ವಿಷ್ಣುಮೂರ್ತಿಯವರಿಗೆ ಆ ಅನುಕೂಲವಿರಲಿಲ್ಲ. ಮುಂಬೈ ಕಡೆಯ ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅವರಿಗೆ ವಾರಕ್ಕೆ ಸಿಗುವುದು ಇದೊಂದೇ ರಜೆ, ಮತ್ತು ಈ ರಜೆಯ ಸಂಜೆ ಐದು ಗಂಟೆಗೆ ಅವರ ಅಡುಗೆಮನೆಯ ಹಿಂದಿನ ಹತ್ತಡಿ ಏಳಡಿ ಜಾಗದ ಹಣೆಬರಹ ತೀರ್ಮಾನವಾಗಲಿತ್ತು.

ಆ ಜಾಗ ಅವರ ಹೆಸರಿನಲ್ಲೇನೂ ಇರಲಿಲ್ಲ. ಠಾಕುರ್ಲಿಯ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಅವರದು ನೆಲಮಟ್ಟದ ಮನೆ. ಅಡುಗೆಮನೆಯ ಬಾಗಿಲು ತೆರೆದರೆ ಸೊಸೈಟಿಯ ಕಂಪೌಂಡು. ಎಂಟು ವರ್ಷದ ಹಿಂದೆ ಅವರ ಹೆಂಡತಿ ದ್ರೌಪದಿಯವರು ಬ್ರಹ್ಮಾವರದ ತವರಿನಿಂದ ಕೆಸುವಿನ ಗೆಡ್ಡೆಗಳನ್ನು ಒದ್ದೆ ಟವಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದು ಅಲ್ಲಿ ಊರಿದ್ದರು. ಬಿಲ್ಡರು ಬಿಟ್ಟುಹೋದ ಕಲ್ಲು, ಸಿಮೆಂಟು ಚೂರುಗಳನ್ನೆಲ್ಲ ಕೈಯಾರೆ ಆರಿಸಿ, ಎಂಟು ವರ್ಷ ತರಕಾರಿ ಸಿಪ್ಪೆ ಹಾಕಿ ಹಾಕಿ ಮಣ್ಣನ್ನು ಕಪ್ಪಗೆ ಮೆತ್ತಗೆ ಮಾಡಿದ್ದರು. ಈಗ ಅಲ್ಲಿ ಆನೆಕಿವಿಯಂಥ ಕೆಸುವಿನ ಎಲೆಗಳಿದ್ದವು, ಚಪ್ಪರ ತುಂಬ ಬಸಳೆ ಇತ್ತು. ಮಳೆಗಾಲದಲ್ಲಿ ಅರ್ಧ ಕಟ್ಟಡಕ್ಕೆ ಕೆಸುವಿನೆಲೆಯ ಪತ್ರೊಡೆ ಅಲ್ಲಿಂದಲೇ ಹೋಗುತ್ತಿತ್ತು. ದ್ರೌಪದಿಯವರಿಗೆ ಮುಂಬೈ ಕಡೆಯ ಬದುಕಿನಲ್ಲಿ ನಿಜವಾಗಿ ತಮ್ಮದು ಅನ್ನಿಸಿದ್ದು ಅದೊಂದೇ ತುಂಡು ನೆಲ.

ಮೊದಲ ಆರು ವರ್ಷ ಯಾರೂ ಕೇಳಿರಲಿಲ್ಲ. ಆಮೇಲೆ ಸೊಸೈಟಿ ಅದನ್ನು ಬಳಸಲು ಬಿಟ್ಟದ್ದು ಒಂದು ಒಪ್ಪಂದದ ಮೇಲೆ. ಎರಡು ವರ್ಷದ ಹಿಂದೆ ಕೊಂಡ ಹುಲ್ಲಿನ ಮಿಷನ್ನನ್ನು ವಿಷ್ಣುಮೂರ್ತಿಯವರು ಜೋಪಾನವಾಗಿ ನೋಡಿಕೊಳ್ಳಬೇಕು, ಕಂಪೌಂಡಿನ ಹುಲ್ಲು ಕತ್ತರಿಸಬೇಕು. ಬದಲಿಗೆ ಆ ಜಾಗದಲ್ಲಿ ಏನಾದರೂ ಬೆಳೆದುಕೊಳ್ಳಲಿ. ಆದರೆ ಗಣಪತಿ ಹಬ್ಬದ ನಂತರ ಮಿಷನ್ನು ಹೊರಗೆ ಬಂದಿರಲಿಲ್ಲ. ಹುಲ್ಲು ಸೊಂಟದೆತ್ತರ ಬೆಳೆದು ನವೆಂಬರಿನಲ್ಲಿ ಒಣಗಿ ನಿಂತಿತು. ಮೂರನೇ ಮಾಳಿಗೆಯ ಹಿತೇಶ್ ಹೊಸದಾಗಿ ಎರಡನೇ ಸ್ಕೂಟರು ಕೊಂಡಿದ್ದ. ಮಿಷನ್ನೂ ಓಡಿಲ್ಲ, ಹುಲ್ಲೂ ಕತ್ತರಿಸಿಲ್ಲ, ಹಾಗಾದರೆ ಆ ಜಾಗಕ್ಕೆ ಸಿಮೆಂಟಿನ ಪೇವರ್ ಬ್ಲಾಕ್ ಹಾಸಿ ಪಾರ್ಕಿಂಗ್ ಮಾಡೋಣ ಎಂದು ಅವನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಾಗ ಹಲವರು ತಲೆಯಾಡಿಸಿದರು. ವಿಷ್ಣುಮೂರ್ತಿಯವರು ಒಂದು ಅವಕಾಶ ಕೇಳಿದರು. ಸೆಕ್ರೆಟರಿ ಸುಮೇಧಾ ಕಲ್ಯಾಣದ ಶಾಲೆಯೊಂದರಲ್ಲಿ ಗಣಿತ ಕಲಿಸುವವರು. ಆಡಿದ್ದನ್ನೆಲ್ಲ ಬರೆದಿಡುವ ಹೆಂಗಸು. ಡಿಸೆಂಬರಿನ ಮೊದಲ ಭಾನುವಾರ ಸಂಜೆ ಐದಕ್ಕೆ ಕಮಿಟಿಯ ಕಣ್ಣೆದುರು ಮಿಷನ್ನು ಓಡಬೇಕು, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಪೇವರ್ ಬ್ಲಾಕಿನವನು ಬರುತ್ತಾನೆ ಎಂದು ಮಿನಿಟ್ಸ್ ಪುಸ್ತಕದಲ್ಲಿ ಬರೆದು, ವಿಷ್ಣುಮೂರ್ತಿಯವರ ಸಹಿ ಹಾಕಿಸಿಕೊಂಡರು.

ಆ ಮೊದಲ ಭಾನುವಾರ ಇದೇ. ಕಟ್ಟೆಯ ಮೇಲೆ ಕುಳಿತ ವಿಷ್ಣುಮೂರ್ತಿಯವರನ್ನು ನೋಡಿ ವಾಚ್‌ಮನ್ ಜಟ್ಟೆಪ್ಪ ಹತ್ತಿರ ಬಂದ. ಅವನು ವಿಜಯಪುರದ ಕಡೆಯವನು, ಹೊಲದಲ್ಲಿ ದುಡಿದ ಕೈ.

"ಸಾಹೇಬ್ರ, ಈ ಹಗ್ಗ ಜಗ್ಗೂದು ಬಿಡ್ರಿ. ನಾ ಕುಡಗೋಲು ತರತೀನಿ. ಎರಡು ತಾಸಿನ್ಯಾಗ ಎಲ್ಲಾ ಕೊಯ್ದು ಒಗಿತೀನಿ."

"ಬೇಡ ಮಾರಾಯ. ಹುಲ್ಲು ಹೋದ್ರೆ ಸಾಕಾಗುದಿಲ್ಲ. ಮಿಷನ್ ಓಡ್ಬೇಕು ಅಂತ ಬರ್ದಿಟ್ಟಿದ್ದಾರೆ."

ಕುಡಗೋಲಿಗೆ ಇಲ್ಲದ ಮರ್ಯಾದೆ ಈ ಕೋಲಿಗೆ ಯಾಕೆ ಎಂದು ಜಟ್ಟೆಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಅವನು ಪಕ್ಕದಲ್ಲೇ ನಿಂತ. ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯದೇನೂ ಇರಲಿಲ್ಲ.

ಅಷ್ಟರಲ್ಲಿ ಹಿತೇಶ್ ಚಹಾದ ಕಪ್ಪು ಹಿಡಿದು ಕೆಳಗಿಳಿದು ಬಂದ. ಮಿಷನ್ನು ಶುರುವಾಗದಿದ್ದರೆ ಲಾಭ ಅವನಿಗೇ. ಆದರೆ ಅವನದು ಕೆಟ್ಟ ಮಿಷನ್ನು ಕಂಡರೆ ಕೈ ತುರಿಸುವ ಸ್ವಭಾವ. ಐದು ನಿಮಿಷ ನೋಡುತ್ತ ನಿಂತ, ಆರನೇ ನಿಮಿಷಕ್ಕೆ ಮೊಬೈಲಿನಲ್ಲಿ ವಿಡಿಯೋ ಹುಡುಕಿದ. ಮೊದಲು ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಡಿ ಬರುತ್ತದೋ ನೋಡಬೇಕು ಎಂದು ವಿಡಿಯೋದವನು ಹೇಳಿದ. ವಿಷ್ಣುಮೂರ್ತಿಯವರು ಪ್ಲಗ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ವೈರಿಗೆ ಸಿಕ್ಕಿಸಿದರು. ಅದನ್ನು ಇಂಜಿನ್ನಿನ ಮೈಗೆ ತಾಗಿಸಿ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಹಿತೇಶ್ ತಾನೇ ಮುಂದೆ ಬಂದ. ಎಲ್ಲಿ ಹಿಡಿಯಬೇಕು ಎಂದು ವಿಡಿಯೋದವನು ಹೇಳುವ ಮೊದಲೇ ಅವನು ಲೋಹದ ತುದಿಯನ್ನೇ ಹಿಡಿದ, ವಿಷ್ಣುಮೂರ್ತಿಯವರು ಹಗ್ಗ ಎಳೆದರು.

ಹಿತೇಶ್ ಎರಡು ಅಡಿ ಹಿಂದೆ ಹಾರಿದ. ಚಹಾ ಮಾತ್ರ ಅಲ್ಲೇ ಉಳಿದು ಜಟ್ಟೆಪ್ಪನ ಅಂಗಿಯ ಮೇಲೆ ಬಿತ್ತು.

"ಕರೆಂಟ್ ಬರೋಬರ್ ಹೈ, ಅಂಕಲ್," ಎಂದು ಹಿತೇಶ್ ಕೈ ಕೊಡವುತ್ತ ವರದಿ ಒಪ್ಪಿಸಿದ. ಅಲ್ಲಿಗೆ ಕಿಡಿಯ ಸಂಶಯ ಮುಗಿಯಿತು. ಹಿತೇಶ್ ಸ್ವಲ್ಪ ಮಲಗಿಕೊಳ್ಳುತ್ತೇನೆಂದು ಮೇಲೆ ಹೋದ.

ಮುಂದಿನದು ಗಾಳಿ. ಇಂಜಿನ್ನಿನ ಪಕ್ಕದ ಡಬ್ಬಿ ತೆಗೆದರೆ ಒಳಗೆ ಗಾಳಿ ಸೋಸುವ ಅಂಗೈಯಗಲದ ಸ್ಪಂಜಿತ್ತು. ಅದು ಧೂಳು ತಿಂದು ಕರ್ರಗಾಗಿತ್ತು. ಸಿಕ್ಕಿತು ಕಳ್ಳ ಎಂದುಕೊಂಡ ವಿಷ್ಣುಮೂರ್ತಿಯವರು ಅದನ್ನು ಸೋಪಿನ ನೀರಿನಲ್ಲಿ ನಾಲ್ಕು ಸಲ ಹಿಂಡಿ, ಅಡುಗೆಮನೆಯ ಕಿಟಕಿಯ ಸರಳಿನ ಮೇಲೆ ಒಣಗಲು ಇಟ್ಟು, ಸ್ನಾನಕ್ಕೆ ಹೋದರು. ಬಂದು ನೋಡಿದರೆ ಸರಳಿತ್ತು, ಸ್ಪಂಜಿರಲಿಲ್ಲ.

ದ್ರೌಪದಿಯವರಿಗೆ ತಕ್ಷಣ ಗೊತ್ತಾಯಿತು. ಜಟ್ಟೆಪ್ಪನ ಹೆಂಡತಿ ಚಂದವ್ವ ಆ ಕಟ್ಟಡದ ಆರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಈಗಷ್ಟೇ ಅವರ ಮನೆಯ ಕೆಲಸ ಮುಗಿಸಿ ಮೇಲೆ ಹೋಗಿದ್ದಳು.

"ಯಾರ ಮನೆಗೆ ಹೋದಳು?"

"ಎರಡನೇ ಮಾಳಿಗೆ. ಸುಮೇಧಾತಾಯಿ ಮನೆ."

ವಿಷ್ಣುಮೂರ್ತಿಯವರು ಟವಲನ್ನು ಹೆಗಲಿಗೆ ಎಸೆದುಕೊಂಡರು. ಮಿಷನ್ನು ತುಂಡುತುಂಡಾಗಿ ಬಿದ್ದಿದೆ ಎಂದು ಸೆಕ್ರೆಟರಿಗೆ ಗೊತ್ತಾದರೆ ಐದು ಗಂಟೆಯವರೆಗೆ ಕಾಯುವ ಪ್ರಶ್ನೆಯೇ ಇರುವುದಿಲ್ಲ. ಆದರೆ ಸ್ಪಂಜಿಲ್ಲದೆ ಮಿಷನ್ನಿಲ್ಲ. ಅವರು ಒದ್ದೆ ತಲೆಯಲ್ಲೇ ಎರಡು ಮಾಳಿಗೆ ಹತ್ತಿ ಬೆಲ್ಲು ಒತ್ತಿದರು.

ಸುಮೇಧಾ ನಗುಮುಖದಿಂದ ಬಾಗಿಲು ತೆರೆದರು. ಮಿಷನ್ನು ಹೇಗಿದೆ ಎಂದು ಮರಾಠಿಯಲ್ಲಿ ವಿಚಾರಿಸಿದರು. ವಿಷ್ಣುಮೂರ್ತಿಯವರು ಅದು ಏಕದಂ ಬರೋಬರ್ ಇದೆಯೆಂದೂ, ತಾವು ಸುಮ್ಮನೆ ಮಾತಾಡಿಸಿ ಹೋಗಲು ಬಂದದ್ದೆಂದೂ ಹೇಳಿದರು. ಎಂಟು ವರ್ಷದಲ್ಲಿ ಒಮ್ಮೆಯೂ ಸುಮ್ಮನೆ ಬರದ ಮನುಷ್ಯ ಬಂದದ್ದಕ್ಕೆ ಸುಮೇಧಾ ಸಂತೋಷಪಟ್ಟು ಒಗ್ಗರಣೆ ಅವಲಕ್ಕಿಯ ಪೋಹೆ ತಂದಿಟ್ಟರು. ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಆ ಒಂದೊಂದು ತಿಕ್ಕಿಗೂ ವಿಷ್ಣುಮೂರ್ತಿಯವರು ಅಷ್ಟಷ್ಟು ಪೋಹೆ ನುಂಗಿದರು. ಚಂದವ್ವ ಹೊರಗೆ ಬರಲೆಂದು ಕಾಯುತ್ತ ಎರಡನೇ ಪ್ಲೇಟಿಗೂ ಒಪ್ಪಿಕೊಂಡರು. ಹವೆಯ ವಿಷಯ, ಕಲ್ಯಾಣ ಲೋಕಲ್ ರೈಲಿನ ಗರ್ದಿಯ ವಿಷಯ, ದಶಮಾಂಶ ಪದ್ಧತಿಯ ವಿಷಯ ಮಾತಾಡಿ ಮುಗಿಯಿತು.

ಕೊನೆಗೆ ಚಂದವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕೈಯಲ್ಲಿ ಸ್ಪಂಜಿತ್ತು, ಅಥವಾ ಅದರಲ್ಲಿ ಉಳಿದದ್ದಿತ್ತು. ಅದು ಎರಡು ತುಂಡಾಗಿ, ಸೀದ ಹಾಲಿನ ಬಣ್ಣ ಹಿಡಿದಿತ್ತು.

"ಅಣ್ಣಾರ, ನಿಮ್ಮನಿ ಕಿಡಕ್ಯಾಗ ಇತ್ತು, ಹೊಸಾದು ಅಂತ ತಂದ್ನಿರಿ. ಸೀದ ಪಾತೇಲಿಗೆ ಭಾಳ ಛಲೋ ಐತಿ, ಆದ್ರ ತಾಳಿಕಿ ಇಲ್ಲ."

ಸುಮೇಧಾ ಸ್ಪಂಜನ್ನು ನೋಡಿದರು, ವಿಷ್ಣುಮೂರ್ತಿಯವರನ್ನು ನೋಡಿದರು. ಪಾತ್ರೆ ತಿಕ್ಕುವ ಒಂದು ಸ್ಪಂಜಿಗಾಗಿ ಎರಡು ಮಾಳಿಗೆ ಹತ್ತಿ ಬಂದು, ಕೇಳಲು ನಾಚಿಕೆಪಟ್ಟು, ಒಂದು ಗಂಟೆ ಕುಳಿತ ಮನುಷ್ಯನ ಬಗ್ಗೆ ಅವರಿಗೆ ಮರುಕ ಉಕ್ಕಿತು. ಒಳಗೆ ಹೋಗಿ ಪ್ಯಾಕೆಟ್ಟಿನಿಂದ ಹೊಸದೊಂದನ್ನು ತಂದು ಕೈಗಿಟ್ಟರು. ವಿಷ್ಣುಮೂರ್ತಿಯವರು ಹಳೆಯ ಎರಡು ತುಂಡನ್ನೂ ಕೇಳಿ ತೆಗೆದುಕೊಂಡಾಗ ಆ ಮರುಕ ಇನ್ನಷ್ಟು ಹೆಚ್ಚಿರಬೇಕು. ಆದರೆ ಗುಟ್ಟು ಉಳಿಯಿತು. ಕೆಳಗೆ ಬಂದು ಹೊಸ ಸ್ಪಂಜಿನ ಹಸಿರು ಪದರ ಕಿತ್ತು, ಹಳದಿ ಭಾಗವನ್ನು ಹಳೆಯ ತುಂಡುಗಳ ಅಳತೆಗೆ ಕತ್ತರಿಸಿ ಡಬ್ಬಿಯಲ್ಲಿ ಕೂರಿಸಿದರು. ಅಚ್ಚುಕಟ್ಟಾಗಿ ಕೂತಿತು. ಹಗ್ಗ ಎಳೆದರು. ಮಿಷನ್ನಿಗೆ ಯಾವ ಸ್ಪಂಜಾದರೂ ಒಂದೇ ಆಗಿತ್ತು, ಅದು ಮಿಸುಕಲಿಲ್ಲ.

ಹೊತ್ತು ಹನ್ನೆರಡೂವರೆ ದಾಟಿತು. ದ್ರೌಪದಿಯವರು ಊಟಕ್ಕೆ ಕರೆದರು. ತಟ್ಟೆಯಲ್ಲಿ ಬಸಳೆ ಹುಳಿ ಇತ್ತು. ವಿಷ್ಣುಮೂರ್ತಿಯವರು ತುತ್ತು ಎತ್ತಿ ಹಾಗೇ ನಿಲ್ಲಿಸಿದರು. ಎದುರಿಗೆ ಕುಳಿತ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದರು. ಅವರು ಬೈದಿದ್ದರೆ ವಿಷ್ಣುಮೂರ್ತಿಯವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಏನಾದರೂ ಸರಿ, ಇವತ್ತು ಇದನ್ನು ಓಡಿಸಿಯೇ ಸಿದ್ಧ ಎಂದು ಅವರು ಮನಸ್ಸಿನಲ್ಲೇ ಹಲ್ಲು ಕಚ್ಚಿದರು.

"ಇನ್ನು ಉಳಿದದ್ದು ಕಾರ್ಬೊರೇಟರ್ ಒಂದೇ," ಎಂದರು. "ಪೆಟ್ರೋಲೂ ಗಾಳಿಯೂ ಸೇರುವ ಜಾಗ. ಅದನ್ನು ಬಿಚ್ತೇನೆ."

"ಬಿಚ್ಚಿದ್ದನ್ನು ತಿರ್ಗಿ ಕೂರಿಸ್ಲಿಕ್ಕೆ ಬರ್ತದಾ ನಿಮಗೆ?"

ಅದು ಅನ್ಯಾಯದ ಪ್ರಶ್ನೆಯೇನಾಗಿರಲಿಲ್ಲ. ಮನೆಯಲ್ಲಿ ಅವರು ಹಿಂದೆ ಬಿಚ್ಚಿದ್ದ ಮಿಕ್ಸಿಯೊಂದು ಈಗಲೂ ಅಟ್ಟದ ಮೇಲೆ ಮೂರು ಚೀಲಗಳಲ್ಲಿತ್ತು. ಈ ಸಲ ಮಾತ್ರ ವಿಷ್ಣುಮೂರ್ತಿಯವರು ಸ್ಟೋರ್‌ಕೀಪರನ ಬುದ್ಧಿ ಓಡಿಸಿದರು. ಹಿತ್ತಿಲ ಮೆಟ್ಟಿಲ ಮೇಲೆ ಹಳೆಯ ಪೇಪರು ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಸಾಲಾಗಿ ಇಟ್ಟು, ಪಕ್ಕದಲ್ಲಿ ಪೆನ್ನಿನಿಂದ ನಂಬರು ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದರು. ಹದಿನಾಲ್ಕನೆಯ ನಂಬರಿಗೆ ಕಾರ್ಬೊರೇಟರಿನ ಹೊಟ್ಟೆ ತೆರೆದುಕೊಂಡಿತು. ಒಳಗೆ ಪೆಟ್ರೋಲಿರಲಿಲ್ಲ. ಬಿಳಿ ಹಳದಿ ಬಣ್ಣದ ಜಿಗುಟಾದ ಅಂಟೊಂದು ತೂತು ತೂತಿನಲ್ಲೂ ಮೆತ್ತಿಕೊಂಡು ಕುಳಿತಿತ್ತು.

ದ್ರೌಪದಿಯವರು ಬಗ್ಗಿ ನೋಡಿದರು. ಬೆರಳಿನಿಂದ ಸ್ವಲ್ಪ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ನಮ್ಮ ತೆಂಗಿನೆಣ್ಣೆ."

ವಿಷ್ಣುಮೂರ್ತಿಯವರು ಪೇಪರಿನಲ್ಲಿದ್ದ ಹಳೆಯ ಸುದ್ದಿಯೊಂದನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

"ಅಪ್ಪಯ್ಯ ಗಾಣದಿಂದ ಮಾಡಿಸಿ ಕಳ್ಸಿದ ಎಣ್ಣೆ. ಇದು ಮಿಷನಿನ ಹೊಟ್ಟೆಗೆ ಹ್ಯಾಗೆ ಹೋಯ್ತು?"

ಹೇಳದೆ ವಿಧಿಯಿರಲಿಲ್ಲ. ಆ ಮಿಷನ್ನಿನ ಪೆಟ್ರೋಲಿಗೆ ಅದಕ್ಕೆಂದೇ ಬರುವ ಇಂಜಿನ್ ಆಯಿಲನ್ನು ಅಳತೆಗೆ ಸರಿಯಾಗಿ ಬೆರೆಸಬೇಕು. ಗಣಪತಿ ಹಬ್ಬದ ಹಿಂದಿನ ದಿನ ಹುಲ್ಲು ಕತ್ತರಿಸಲು ನಿಂತಾಗ ಆ ಆಯಿಲು ಮುಗಿದಿತ್ತು, ಅಂಗಡಿ ಮುಚ್ಚಿತ್ತು. ವಿಷ್ಣುಮೂರ್ತಿಯವರು ಯೋಚಿಸಿದರು. ಹುಟ್ಟಿದ ಮಗುವಿನ ಮೈಗೆ, ಮುದುಕರ ಮಂಡಿಗೆ, ದೋಸೆ ಕಾವಲಿಗೆ, ಬಾಗಿಲಿನ ಕೀಲಿಗೆ, ಬೆಂಕಿ ಸುಟ್ಟ ಗಾಯಕ್ಕೆ, ದೇವರ ದೀಪಕ್ಕೆ ಎಲ್ಲಕ್ಕೂ ಆಗಿಬಂದ ಎಣ್ಣೆ ಒಂದು ಸಣ್ಣ ಇಂಜಿನ್ನಿಗೆ ಯಾಕೆ ಆಗಬಾರದು? ಅವರ ಊರಿನ ಕಡೆ ಈ ಪ್ರಶ್ನೆಗೆ ಆಗದು ಎಂದು ಉತ್ತರ ಕೊಡುವ ಧೈರ್ಯ ಯಾರಿಗೂ ಇಲ್ಲ. ಮಿಷನ್ನು ಆ ದಿನ ಓಡಿತು ಕೂಡ. ಬಾಳೆಕಾಯಿ ಚಿಪ್ಸ್ ಕರಿಯುವ ವಾಸನೆ ನಾಲ್ಕನೇ ಮಾಳಿಗೆಯವರೆಗೂ ಹೋಗಿ, ಹಬ್ಬದ ತಿಂಡಿ ಯಾರ ಮನೆಯಲ್ಲಿ ಎಂದು ಜನ ಬಾಲ್ಕನಿಗೆ ಬಂದಿದ್ದರು. ಆಮೇಲೆ ಎರಡೂವರೆ ತಿಂಗಳು ಪೆಟ್ರೋಲು ಆರಿಹೋಗಿ ಎಣ್ಣೆ ಮಾತ್ರ ಅಲ್ಲೇ ತಳವೂರಿತ್ತು.

ದ್ರೌಪದಿಯವರು ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು.

"ನನ್ನ ತಲೆಗೆ ಹಚ್ಚುವಾಗ, ಊರಿನ ಎಣ್ಣೆ, ಪೋಲು ಮಾಡ್ಬೇಡ ಅಂತ ಚಮಚೆಯಲ್ಲಿ ಅಳೀತೀರಿ. ಮಿಷನಿಗೆ ಎಷ್ಟು ಹೊಯ್ದದ್ದು?"

"ಅರ್ಧ ಗ್ಲಾಸು."

"ಈ ವಿಷಯ ಹೊರಗೆ ಬಿದ್ದರೆ ಉಂಟಲ್ಲ," ಎಂದು ಅವರು ದನಿ ತಗ್ಗಿಸಿದರು, "ಮಿಷನ್ ಹಾಳು ಮಾಡಿದವರು ನೀವೇ ಅಂತಾಗ್ತದೆ. ಒಪ್ಪಂದ ಮುರಿದ ಹಾಗೆ. ಹಿತ್ತಿಲು ಹೋದ ಹಾಗೇ. ಯಾರ ಹತ್ರವೂ ಬಾಯಿ ಬಿಡ್ಬೇಡಿ."

ವಿಷ್ಣುಮೂರ್ತಿಯವರು ಬಿಡುವುದಿಲ್ಲ ಎಂದು ಮಾತು ಕೊಟ್ಟರು. ಆ ಮೇಲೆ ಇಬ್ಬರೂ ಸೇರಿ ಕೆಲಸಕ್ಕೆ ನಿಂತರು. ದ್ರೌಪದಿಯವರು ನೀರು ಕುದಿಸಿ, ಒಲೆ ಆರಿಸಿ, ಹಳೆಯ ಪಾತ್ರೆಯಲ್ಲಿ ಹೊರಗೆ ತಂದಿಟ್ಟರು. ಕಾರ್ಬೊರೇಟರನ್ನು ಅದರಲ್ಲಿ ಮುಳುಗಿಸಿದಾಗ ಎಣ್ಣೆ ಮೆಲ್ಲಗೆ ಬಿಟ್ಟುಕೊಂಡು ಮೇಲೆ ತೇಲಿತು. ಸಣ್ಣ ತೂತುಗಳನ್ನು ಹೂ ಕಟ್ಟುವ ಸೂಜಿಯಿಂದ ದ್ರೌಪದಿಯವರೇ ಬಿಡಿಸಿದರು. ಅವರ ಕಣ್ಣು ಚುರುಕು. ಹೊಸ ಪೆಟ್ರೋಲಿಗೆ ಜಟ್ಟೆಪ್ಪ ತನ್ನ ಹಳೆಯ ಮೊಪೆಡ್ಡಿನಿಂದ ಒಂದು ಬಾಟಲಿ ಇಳಿಸಿಕೊಟ್ಟ. ಯಾಕೆ ಏನು ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಸರಿಯಾದ ಆಯಿಲಿಗಾಗಿ ವಿಷ್ಣುಮೂರ್ತಿಯವರು ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಅರ್ಧ ಓಡುತ್ತ ಹೋಗಿ ಬಂದರು. ಅದನ್ನು ಬೆರೆಸುವಾಗ ದ್ರೌಪದಿಯವರು ಪಕ್ಕದಲ್ಲಿ ನಿಂತು ಪೊಟ್ಟಣದ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿದರು.

ನಾಲ್ಕೂವರೆಗೆ ಹದಿನಾಲ್ಕರಿಂದ ಒಂದರವರೆಗೆ ಎಲ್ಲ ಭಾಗಗಳೂ ವಾಪಸ್ಸು ಸೇರಿದವು. ಪೇಪರಿನ ಮೇಲೆ ನಂಬರೇ ಇಲ್ಲದ ಒಂದು ಸ್ಕ್ರೂ ಉಳಿಯಿತು. ಇಬ್ಬರೂ ಅದನ್ನು ನೋಡಿದರು. ವಿಷ್ಣುಮೂರ್ತಿಯವರು ಅದನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಒಂದು ಎಳೆತ, ಇಲ್ಲ. ಐದು, ಇಲ್ಲ. ಭುಜದಲ್ಲಿ ಶಕ್ತಿ ಉಳಿದಿರಲಿಲ್ಲ, ಎಡಗೈಗೆ ಬದಲಾಯಿಸಿದರು. ಒಂಬತ್ತನೆಯದಕ್ಕೆ ಮಿಷನ್ನು ಸಣ್ಣಗೆ ಕೆಮ್ಮಿತು. ಹತ್ತನೆಯದಕ್ಕೆ ಒಂದು ಮೋಡ ಹೊಗೆ ಉಗುಳಿ, ಗಂಟಲು ಸರಿಪಡಿಸಿಕೊಂಡು, ಭರ್ರೆಂದು ಓಡತೊಡಗಿತು. ವಿಷ್ಣುಮೂರ್ತಿಯವರ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಅವರು ಹೇಳಿದರು. ದ್ರೌಪದಿಯವರು ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು, ಅವರ ಕಡೆ ಹೊಗೆ ಬಂದಿರಲಿಲ್ಲ.

ಐದಕ್ಕೆ ಕಮಿಟಿ ಇಳಿದು ಬಂತು. ಮುಂದೆ ಮಿನಿಟ್ಸ್ ಪುಸ್ತಕ ಹಿಡಿದ ಸುಮೇಧಾ, ಹಿಂದೆ ಇನ್ನೂ ಬೆರಳು ನೀವಿಕೊಳ್ಳುತ್ತಿದ್ದ ಹಿತೇಶ್, ಮಿಕ್ಕವರು. ವಿಷ್ಣುಮೂರ್ತಿಯವರು ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ಕಣ್ಣಿಗೆ ಕನ್ನಡಕವೇರಿಸಿ, ಗೇಟಿನಿಂದ ಶುರುಮಾಡಿದರು. ಸೊಂಟದೆತ್ತರದ ಹುಲ್ಲು ಸಾಲುಸಾಲಾಗಿ ಮಲಗಿತು. ಅರ್ಧ ಗಂಟೆಯಲ್ಲಿ ಕಂಪೌಂಡಿನ ನೆಲ ಕಾಣಿಸಿತು. ಕಳೆದ ವರ್ಷ ಕಳೆದುಹೋಗಿದ್ದ ಎರಡು ಕ್ರಿಕೆಟ್ ಚೆಂಡು, ಒಂದು ಚಪ್ಪಲಿ ಸಿಕ್ಕವು. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಸುಮೇಧಾ ಅಲ್ಲೇ ನಿಂತು, ಮಿಷನ್ನು ಓಡಿದೆ, ಪೇವರ್ ಬ್ಲಾಕಿನ ಪ್ರಸ್ತಾಪ ರದ್ದು ಎಂದು ಬರೆದರು. ದ್ರೌಪದಿಯವರು ಕೆಸುವಿನ ಎಲೆಗಳ ನಡುವೆ ನಿಂತು ಅಂದು ಮೊದಲ ಸಲ ನಕ್ಕರು.

ಇಲ್ಲಿಗೆ ಎಲ್ಲರೂ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಸುಮೇಧಾ ಮೇಷ್ಟ್ರಮ್ಮ. ಅವರಿಗೆ ಉತ್ತರ ಬಂದರೆ ಸಾಲದು, ಅದು ಹೇಗೆ ಬಂತು ಎಂದು ತಿಳಿಯಬೇಕು. ಇಷ್ಟು ಒಳ್ಳೆಯ ಮಿಷನ್ನು ಇಷ್ಟು ದಿನ ಯಾಕೆ ನಿಂತಿತ್ತು, ಏನಾಗಿತ್ತು ಎಂದು ಕೇಳಿದರು.

ದ್ರೌಪದಿಯವರ ನಗು ನಿಂತಿತು. ವಿಷ್ಣುಮೂರ್ತಿಯವರು ಒಂದು ಕ್ಷಣ ಯೋಚಿಸಿ, ಗಂಭೀರವಾಗಿ, ಮಿಷನ್ನನ್ನು ಓಡಿಸದೆ ಸುಮ್ಮನೆ ಇಟ್ಟದ್ದೇ ಕಾರಣ ಎಂದರು. ಇಂಥ ಇಂಜಿನ್ನುಗಳ ಜಾತಕವೇ ಹಾಗೆ. ನಿಂತರೆ ಒಳಗೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಓಡಿಸಲೇಬೇಕು. ನಿನ್ನೆ ಮೊನ್ನೆಯವರೆಗೆ ತಮಗೂ ಇದು ಗೊತ್ತಿರಲಿಲ್ಲ, ತಪ್ಪು ಯಾರದ್ದೂ ಅಲ್ಲ.

ಹಾಗಾದರೆ ವಾರಕ್ಕೊಮ್ಮೆ ಹತ್ತು ನಿಮಿಷ ಹಾಗೇ ಖಾಲಿ ಓಡಿಸಿಟ್ಟರೆ ಆಯಿತಲ್ಲ ಎಂದು ಸುಮೇಧಾ ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಡೀ ಕಟ್ಟಡ ಬಾಲ್ಕನಿಯಿಂದ ಕೇಳಿಸಿಕೊಳ್ಳುತ್ತಿತ್ತು, ಹಿತೇಶ್ ಕೂಡ ಬಾಯಿ ತೆರೆದು ನೋಡುತ್ತಿದ್ದ. ಇಪ್ಪತ್ತೆಂಟು ವರ್ಷ ಅಕ್ಕಿ ಬೇಳೆ ಎಣಿಸಿದ ಮನುಷ್ಯನನ್ನು ಜನ ಇಂಜಿನಿಯರನ ಹಾಗೆ ನೋಡುವ ಗಳಿಗೆ ಇದೊಂದೇ. ಖಾಲಿ ಓಡಿಸುವಂತೆಯೇ ಇಲ್ಲ, ಅದು ಇನ್ನೂ ಕೆಟ್ಟದ್ದು, ಬ್ಲೇಡಿಗೆ ಹುಲ್ಲು ಸಿಗಲೇಬೇಕು, ಹಸಿ ಹುಲ್ಲಾದರೆ ಉತ್ತಮ ಎಂದು ವಿಷ್ಣುಮೂರ್ತಿಯವರು ಕೈ ಆಡಿಸಿ ವಿವರಿಸಿದರು.

ಸುಮೇಧಾ ಪೆನ್ನನ್ನು ತುಟಿಗಿಟ್ಟು ಕಂಪೌಂಡನ್ನು ನೋಡಿದರು. ಇದ್ದ ಹುಲ್ಲೆಲ್ಲ ಈಗ ಕತ್ತರಿಸಿ ಮುಗಿದಿತ್ತು. ಮುಂದಿನದು ಹುಟ್ಟಬೇಕಾದರೆ ಜೂನ್ ತಿಂಗಳ ಮಳೆ ಬರಬೇಕು. ನಡುವೆ ಇಪ್ಪತ್ತಾರು ವಾರ. ಇಪ್ಪತ್ತಾರು ವಾರ ಈ ಮಿಷನ್ನು ಏನನ್ನು ಕತ್ತರಿಸುತ್ತದೆ?

"ಅರೆ, ಲಾನ್ ಲಗಾ ದೋ," ಎಂದ ಹಿತೇಶ್. ಅವನದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಪಾರ್ಕಿಂಗಂತೂ ಕೈತಪ್ಪಿತ್ತು, ಮಿಷನ್ನಿನ ಮೇಲೆ ಅವನಿಗೆ ನಿಜವಾದ ಅಕ್ಕರೆ ಹುಟ್ಟಿತ್ತು.

ಸುಮೇಧಾರ ಮುಖ ಅರಳಿತು. ಹುಲ್ಲುಹಾಸಿನ ಹಸಿರು ಲಾನು, ಸುತ್ತ ಎರಡು ಬೆಂಚು, ಪ್ರತಿ ಭಾನುವಾರ ವಿಷ್ಣುಮೂರ್ತಿಯವರ ಕೈಯಲ್ಲಿ ಮಿಷನ್ನು. ಲಾನಿಗೆ ಒಳ್ಳೆಯ ಮಣ್ಣು ಬೇಕು, ನೀರಿನ ನಲ್ಲಿ ಹತ್ತಿರ ಬೇಕು. ಕಂಪೌಂಡಿನಲ್ಲೆಲ್ಲ ಬಿಲ್ಡರನ ಕಲ್ಲುಮಣ್ಣು. ಕಮಿಟಿ ಒಂದು ಸುತ್ತು ಹಾಕಿ, ಬಗ್ಗಿ, ಅಲ್ಲಲ್ಲಿ ಕಾಲಿನಿಂದ ಕೆದಕಿ, ಕೊನೆಗೆ ದ್ರೌಪದಿಯವರು ನಿಂತಿದ್ದ ಕಡೆಗೇ ಬಂದು ನಿಂತಿತು. ಕಪ್ಪಗೆ, ಮೆತ್ತಗೆ, ಹತ್ತಡಿ ಏಳಡಿ. ಇಂಥ ಮಣ್ಣು ಇಡೀ ಠಾಕುರ್ಲಿಯಲ್ಲಿಲ್ಲ ಎಂದು ಸುಮೇಧಾ ಮನಸಾರೆ ಹೊಗಳಿದರು.

ವಿಷ್ಣುಮೂರ್ತಿಯವರು ಬಾಯಿ ತೆರೆದರು. ಮಿಷನ್ನಿಗೆ ವಾರವಾರ ಹುಲ್ಲು ಬೇಕಾಗಿಲ್ಲ ಎನ್ನಬೇಕಿತ್ತು. ಹಾಗೆಂದರೆ ಅದು ಕೆಟ್ಟದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಇದ್ದದ್ದು ಅರ್ಧ ಗ್ಲಾಸು ತೆಂಗಿನೆಣ್ಣೆಯ ಉತ್ತರ. ಅದನ್ನು ಹೇಳಿದರೆ ಪೇವರ್ ಬ್ಲಾಕು, ಹೇಳದಿದ್ದರೆ ಲಾನು. ಅವರು ಹೆಂಡತಿಯ ಕಡೆ ನೋಡಿದರು. ದ್ರೌ‍ಪದಿಯವರಿಗೂ ಲೆಕ್ಕ ಅಷ್ಟೇ ಬೇಗ ಅರ್ಥವಾಗಿತ್ತು. ಅವರು ಹೇಳಬೇಡಿ ಎಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸಿದರು. ಕಟ್ಟಡದವರೆದುರು ಗಂಡನ ಮಾನ ಹೋಗುವುದೂ ಅವರಿಗೆ ಬೇಕಿರಲಿಲ್ಲ.

ಪ್ರಸ್ತಾಪಿಸಿದವರು ವಿಷ್ಣುಮೂರ್ತಿ, ಅನುಮೋದಿಸಿದವರು ಹಿತೇಶ್ ಎಂದು ಸುಮೇಧಾ ದುಂಡಗೆ ಬರೆದರು. ವಿಷ್ಣುಮೂರ್ತಿಯವರು ಸಹಿ ಹಾಕಿದರು. ಬುಧವಾರ ನರ್ಸರಿಯವನು ಲಾನಿನ ಹಾಸು ತರುತ್ತಾನೆ, ಅಷ್ಟರಲ್ಲಿ ಜಾಗ ಖಾಲಿಯಾಗಬೇಕು ಎಂದರು ಸುಮೇಧಾ. ಮತ್ತೆ ಏನೋ ಹೊಳೆದವರಂತೆ ಮಿಷನ್ನಿನ ಕಡೆ ನೋಡಿ, ಅದು ಬಿಸಿಯಿರುವಾಗಲೇ ಜಾಗವನ್ನು ಈಗಲೇ ಸಾಫು ಮಾಡಿಬಿಡಿ ಎಂದರು.

"ವಿಷ್ಣುಜೀ, ಮಿಷನ್ ಅಭೀ ಗರಂ ಹೈ. ಅಭೀ ಹೀ ಸಾಫ್ ಕರ್ ದೋ ನಾ."

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಬಾಲ್ಕನಿಯ ಜನ ಯಾರೂ ಒಳಗೆ ಹೋಗಿರಲಿಲ್ಲ. ಜಟ್ಟೆಪ್ಪ ಬಸಳೆಯ ಚಪ್ಪರದ ಕೋಲುಗಳನ್ನು ಆಗಲೇ ಕೀಳತೊಡಗಿದ್ದ.

"ಒಂದು ನಿಮಿಷ ನಿಲ್ಲಿ," ಎಂದರು ದ್ರೌಪದಿಯವರು. ಒಳಗಿನಿಂದ ಚೂರಿ ತಂದು, ಎಳೆಯ ಕೆಸುವಿನ ಎಲೆಗಳನ್ನು ಕೈಗೆ ಸಿಕ್ಕಷ್ಟು ಕೊಯ್ದು ಸೆರಗಿಗೆ ಹಾಕಿಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಹೋಗಿ ನಿಂತರು. ಅಳಲಿಲ್ಲ, ಒಳಗೂ ಹೋಗಲಿಲ್ಲ.

ವಿಷ್ಣುಮೂರ್ತಿಯವರು ಬೆಲ್ಟು ಹೆಗಲಿಗೆ ಹಾಕಿಕೊಂಡರು. ಊರಿನ ದೇವರನ್ನೆಲ್ಲ ಹೆಸರು ಹಿಡಿದು ನೆನೆದು, ಇದೊಂದು ಸಲ ಶುರುವಾಗದ ಹಾಗೆ ಮಾಡು ಎಂದು ಬೇಡಿಕೊಂಡು, ನೋಯುವ ಕೈಯಿಂದ ಹಗ್ಗವನ್ನು ಆದಷ್ಟು ಮೆಲ್ಲಗೆ ಎಳೆದರು.

ಮಿಷನ್ನು ಮೊದಲ ಎಳೆತಕ್ಕೇ ಶುರುವಾಯಿತು.